ಮೊಕ್ರೀನಾಳ ಮರಿಗೆ

ಮುತ್ತಜ್ಜರ ಕಾಲದಲ್ಲಿ ಕಡಲು ದಾಟಿ ಬಂದವರು ಕಟ್ಟಿದ ಬೆರೆಝಿವ್ಕಾದಲ್ಲಿ ಸೆಪ್ಟೆಂಬರಿನ ಮಳೆ ಹಿಡಿಯಿತೆಂದರೆ ಗೋಧಿ ಕೊಯ್ಲು ನಿಂತಂತೆಯೇ. ಗಂಡಸರು ಯಂತ್ರಗಳನ್ನು ಹೊಲದ ನಡುವೆ ಬಿಟ್ಟು ಬಂದು ಆಕಾಶವನ್ನು ಬೈಯುತ್ತ ಕೂರುತ್ತಾರೆ. ಹೆಂಗಸರು ಚರ್ಚಿನ ಪಕ್ಕದ ಸಭಾಭವನದ ಅಡುಗೆಮನೆ ಸೇರಿ ಪಿರೋಹಿ ಮಡಿಸುತ್ತಾರೆ. ಆ ಮಧ್ಯಾಹ್ನವೂ ಉದ್ದ ಮೇಜಿನ ಸುತ್ತ ಏಳು ಜನ ಕೂತಿದ್ದರು. ಹಿಟ್ಟಿನ ಬಿಲ್ಲೆಯೊಳಗೆ ಆಲೂಗಡ್ಡೆಯ ಹೂರಣ ಇಟ್ಟು ಅಂಚು ಒತ್ತುವ ಕೆಲಸ. ಕಿಟಕಿಯಾಚೆ ಮಳೆ, ಮಳೆಯಾಚೆ ರಸ್ತೆ, ರಸ್ತೆಯಾಚೆ ಹಳೇ ಶಾಲೆಯ ಕಟ್ಟಡ, ಅಂದರೆ ಈಗಿನ ಮ್ಯೂಸಿಯಂ.

ಮಾತು ತೆಗೆದವಳು ಲೋರೇನ್. ಪಟ್ಟಣದ ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿ ಊರಿಗೆ ಮರಳಿದವಳು, ಮ್ಯೂಸಿಯಂನ ಹೊಸ ಸಮಿತಿಗೆ ಕಾರ್ಯದರ್ಶಿ. ಪ್ರತಿ ಗುರುವಾರ ಮಧ್ಯಾಹ್ನ ಬಾಗಿಲು ತೆರೆದು ಕೂರಲು ಯಾರಾದರೂ ಬೇಕು, ಟೆಕ್ಲಾ ಬಾಬಾನಂಥ ಹಳೇ ತಲೆ ಒಪ್ಪಿದರೆ ನೋಡಲು ಬಂದವರಿಗೆ ಒಳ್ಳೊಳ್ಳೆ ಕತೆ ಸಿಗುತ್ತವೆ ಎಂದು ನಯವಾಗಿ ಕೇಳಿದಳು.

ಆ ಊರಲ್ಲಿ ಅಜ್ಜಿಯರೆಲ್ಲರೂ ಬಾಬಾಗಳೇ. ಆದರೆ ಎಂಬತ್ತೇಳರ ಟೆಕ್ಲಾಳ ಎದುರು ಉಳಿದ ಬಾಬಾಗಳು ಬಾಯಿ ಬಿಡುತ್ತಿರಲಿಲ್ಲ. ಅವಳು ಒಂದು ಪಿರೋಹಿಯ ಅಂಚನ್ನು ಕತ್ತು ಹಿಸುಕಿದ ಹಾಗೆ ಒತ್ತಿ ಮುಗಿಸಿ, ಲೋರೇನಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಳ್ಳೊಳ್ಳೆ ಕತೆ ಬೇಕಾ ನಿಂಗೆ? ಮ್ಯೂಸಿಯಂ ಅಂತೆ, ಮ್ಯೂಸಿಯಂ... ಸತ್ತೋರ ಮನೆ ಅಟ್ಟ ಗುಡಿಸಿ ಒಂದ್ಕಡೆ ಸುರಿದು, ಅದಕ್ಕೊಂದು ಬೀಗ ಹಾಕಿದ್ರೆ ಮ್ಯೂಸಿಯಂ. ಹದಿನಾಲ್ಕು ವರ್ಷ ಅದರ ನೆಲ ಒರೆಸಿದೋಳು ನಾನು. ಅದನ್ನ ಕಟ್ಟಿದ ಮೇಷ್ಟ್ರು ಹೇಗೆ ಸತ್ತ ಅಂತ ನಿಮ್ಮಲ್ಲಿ ಒಬ್ಬಳಾದ್ರೂ ಕೇಳಿದೀರಾ? ಇಲ್ಲ. ಕೇಳಿ ಹಾಗಾದ್ರೆ. ಕೈ ಮಾತ್ರ ನಿಲ್ಲಿಸ್ಬೇಡಿ."

ಟೆಕ್ಲಾ ಹೇಳಿದ್ದು ಇದು.

ಮೇಷ್ಟರ ಹೆಸರು ಆರ್ನಾಲ್ಡ್ ಗ್ರೀನ್. ಅದು ಅವರೇ ಇಟ್ಟುಕೊಂಡ ಹೆಸರು. ತಾಯಿ ಇಟ್ಟದ್ದು ಓನುಫ್ರಿ, ಮನೆತನ ಹ್ರಿಂಕಿವ್. ಪಟ್ಟಣದ ಶಿಕ್ಷಕರ ಕಾಲೇಜಿಗೆ ಓನುಫ್ರಿ ಹ್ರಿಂಕಿವ್ ಆಗಿ ಹೋದವರು ಎರಡು ವರ್ಷಕ್ಕೆ ಆರ್ನಾಲ್ಡ್ ಗ್ರೀನ್ ಆಗಿ ಬಂದು ಇಳಿದರು. ಬಾಲ ಕತ್ತರಿಸಿಕೊಂಡ ಕತ್ತೆ ಇನ್ನು ಮೇಲೆ ನಾನು ಕುದುರೆ ಅಂದ ಹಾಗೆ. ಬಂದವರೇ ಅದೇ ಒಂದು ಕೋಣೆಯ ಶಾಲೆಯಲ್ಲಿ, ಮನೆಯ ಭಾಷೆಯಲ್ಲಿ ನೀರು ಕೇಳಿದ ಮಕ್ಕಳ ಅಂಗೈಗೆ ಚರ್ಮದ ಪಟ್ಟಿಯಿಂದ ಬಾರಿಸುತ್ತ ಮೂವತ್ತೈದು ವರ್ಷ ಕಳೆದರು. ಟೆಕ್ಲಾಳ ಅಂಗೈಗೆ ಬಿದ್ದಿರಲಿಲ್ಲ, ಅವಳ ಇಬ್ಬರು ಮಕ್ಕಳ ಅಂಗೈಗೆ ಬಿದ್ದಿತ್ತು.

ಶಾಲೆ ಮುಚ್ಚಿತು. ಇಷ್ಟು ದಿನ ಯಾರನ್ನು ಕಂಡರೆ ಮೂಗು ಮುರಿಯುತ್ತಿದ್ದರೋ ಆ ಜನರ ಹಳೆಯ ಸಾಮಾನನ್ನೆಲ್ಲ ಒಟ್ಟು ಮಾಡಿ ಮ್ಯೂಸಿಯಂ ಮಾಡುವ ಹುಕಿ ಮೇಷ್ಟರಿಗೆ ಆಗ ಬಂತು. ಯಾಕೆ ಬಂತು? ಬದುಕಿದ್ದವರು ತಿರುಗಿ ಮಾತಾಡುತ್ತಾರೆ, ಸತ್ತವರ ಸಾಮಾನು ಮಾತಾಡುವುದಿಲ್ಲ, ಅದಕ್ಕೇ. ಏನೇನು ಬಂದು ಬಿದ್ದಿತ್ತು ಅಲ್ಲಿ... ಇಪ್ಪತ್ತಾರು ಇಸ್ತ್ರಿಪೆಟ್ಟಿಗೆ, ಒಂದೂ ಕಾಯುವಂಥದ್ದಲ್ಲ; ಯಾರದೋ ಕಟ್ಟಿಸಿದ ಹಲ್ಲು; ಬೆಣ್ಣೆ ಕಡೆಯುವ ಪೀಪಾಯಿಗಳು; ಮುಚ್ಚಿಹೋದ ಬಟ್ಟೆ ಅಂಗಡಿಯಿಂದ ತಂದ ಒಂದು ಬೊಂಬೆ. ಆ ಬೊಂಬೆಗೆ ತಲೆವಸ್ತ್ರ ಕಟ್ಟಿ, ಕೈಯಲ್ಲಿ ಬೆತ್ತದ ಬುಟ್ಟಿ ಸಿಕ್ಕಿಸಿ, 'ಮೊದಲು ಬಂದು ನೆಲೆಯೂರಿದ ಮಹಿಳೆ' ಎಂದು ಚೀಟಿ ಅಂಟಿಸಿದ್ದರು. ತುಟಿಯ ಕೆಂಪು ಬಣ್ಣವನ್ನಾದರೂ ಒರೆಸಬೇಕೆಂದು ಅವರಿಗೆ ತೋಚಿರಲಿಲ್ಲ.

ಚೀಟಿ ಬರೆಯುವುದೆಂದರೆ ಮೇಷ್ಟರಿಗೆ ಪ್ರಾಣ. ಒಂದೊಂದು ಸಾಮಾನಿಗೂ ಒಂದೊಂದು ಚೀಟಿ, ದುಂಡಗಿನ ಅಕ್ಷರ. ನೋಡಲು ಬಂದವರ ಮುಂದೆ ಕೋಲು ಹಿಡಿದು ನಿಂತು ಅದನ್ನು ಗಟ್ಟಿಯಾಗಿ ಓದುವರು; ಓದಿ ಮುಗಿಸಿದ ಮೇಲೆ, ಪಾಪ, ಈ ಜನಕ್ಕೆ ಇಷ್ಟೇ ಗೊತ್ತಿದ್ದದ್ದು ಎಂಬಂತೆ ಸಣ್ಣಗೆ ನಗುವರು. ಯಾರಾದರೂ ಮುದುಕ ತಡೆದು ಇದು ಹಾಗಲ್ಲ, ನಮ್ಮಪ್ಪ ಇದನ್ನು ಹೀಗೆ ಹಿಡಿಯುತ್ತಿದ್ದ ಎಂದರೆ, ಕೋಲಿನಿಂದ ಚೀಟಿಯನ್ನೇ ತಟ್ಟಿ ತೋರಿಸುವರು. ಬರೆದದ್ದು ಚೀಟಿಯಲ್ಲಿದೆಯಲ್ಲ, ಇನ್ನೇನು?

ಮೇಷ್ಟರ ತಾಯಿ ದೋಮ್ಕಾ ತೊಂಬತ್ತರ ಹತ್ತಿರಕ್ಕೆ ಬಂದು ತೀರಿಕೊಂಡಳು. ಸಾಯುವ ಮುಂಚೆ ಮಗನನ್ನು ಹಾಸಿಗೆಯ ಬಳಿ ಕೂರಿಸಿಕೊಂಡು, ಕೊಟ್ಟಿಗೆಯ ಅಟ್ಟದಲ್ಲಿರುವ ಮರಿಗೆಯೊಂದರ ವಿಷಯ ಹೇಳಿದಳಂತೆ. ಒಂದೇ ಮರದ ತುಂಡು ಕೊರೆದು ಮಾಡಿದ್ದು, ಒಂದಾಳು ತೋಳು ಚಾಚಿದಷ್ಟು ಉದ್ದ. ಅದನ್ನು ಚರ್ಚಿಗೆ ಕೊಡು, ಕತೆಯನ್ನೂ ಪಾದ್ರಿಗೆ ಹೇಳು ಎಂದಿದ್ದಳು. ಮೇಷ್ಟರು ಕತೆಯನ್ನು ಯಾರಿಗೂ ಹೇಳಲಿಲ್ಲ. ಮರಿಗೆಯನ್ನು ಮ್ಯೂಸಿಯಂಗೆ ಹೊತ್ತು ತಂದು ಮೂಲೆಯಲ್ಲಿಟ್ಟು ಚೀಟಿ ಬರೆದರು: 'ಹಂದಿಗಳಿಗೆ ಕಲಗಚ್ಚು ಹಾಕುತ್ತಿದ್ದ ಬಾನಿ.'

ನೆಲ ಒರೆಸುತ್ತಿದ್ದ ಟೆಕ್ಲಾ ಅದನ್ನು ನೋಡಿ ಸುಮ್ಮನಿರಲಿಲ್ಲ. ಹಂದಿ ತಿಂದ ಮರಕ್ಕೆ ಅಂಚಿನಲ್ಲಿ ಹಲ್ಲಿನ ಕಚ್ಚು ಇರುತ್ತದೆ, ಇದರ ಅಂಚು ಹೆಂಗಸರ ಅಂಗೈ ತೀಡಿ ತೀಡಿ ನುಣ್ಣಗಾಗಿದೆ, ಇದು ಹಿಟ್ಟು ನಾದುವ ಮರಿಗೆ ಎಂದಳು. ನಿನ್ನ ಕೆಲಸ ನೆಲದ ಮೇಲೆ, ಗೋಡೆಯ ಮೇಲಿನದು ನಿನಗೆ ಬೇಡ ಎಂದರು ಮೇಷ್ಟರು.

"ನಾನು ನೆಲ ನೋಡ್ಕೊಂಡೆ," ಎಂದಳು ಟೆಕ್ಲಾ, ಹಿಟ್ಟು ಮೆತ್ತಿದ ಬೆರಳು ಎತ್ತಿ. "ನೆಲ ನೋಡ್ಕೊಂಡಿದ್ದಕ್ಕೇ ಮೊದಲು ಗೊತ್ತಾಗಿದ್ದು ನಂಗೆ... ಯಾವ ಕಾಲು ನಡೆದ್ರೆ ಗುರುತು ಮೂಡುತ್ತೆ, ಯಾವ ಕಾಲಿಗೆ ಮೂಡಲ್ಲ ಅಂತ."

ಅದೊಂದು ಜೂನ್ ತಿಂಗಳ ಗುರುವಾರ, ಹೀಗೇ ಮಳೆ. ಬೆಳಗಿನಿಂದ ಒಬ್ಬರೂ ಬಂದಿರಲಿಲ್ಲ. ಮೇಷ್ಟರು ಬಾಗಿಲ ಬಳಿಯ ಮೇಜಿಗೆ ಕೂತು ಪತ್ರಿಕೆ ಓದುತ್ತಿದ್ದವರು, ಎದುರಿಗೆ ಎರಡು ಬರಿಗಾಲು ಬಂದು ನಿಂತದ್ದನ್ನು ಕಂಡರು. ಹಿಮ್ಮಡಿ ಒಡೆದ, ಗಿಣ್ಣಿನವರೆಗೆ ಕೆಸರು ಮೆತ್ತಿದ ಮುದುಕಿಯ ಕಾಲು. ತಲೆ ಎತ್ತಿ ಮುಖ ನೋಡಿದ್ದರೆ ಆಗಲೇ ಗುರುತು ಹತ್ತುತ್ತಿತ್ತೋ ಏನೋ. ಆದರೆ ಮೇಷ್ಟರು ಅಂಥವರ ಮುಖ ನೋಡುವವರಲ್ಲ, ಕಾಲು ನೋಡುವವರು. ಕಾಲು ಒರೆಸಿಕೊಂಡು ಬರಬೇಕು, ಏನನ್ನೂ ಮುಟ್ಟಬಾರದು ಎಂದು ಇಂಗ್ಲಿಷಿನಲ್ಲಿ ಹೇಳಿ ಮತ್ತೆ ಪತ್ರಿಕೆಗೆ ಮುಖ ಹಾಕಿದರು.

ಮುದುಕಿ ಒಳಗೆ ನಡೆದಳು. ಬೊಂಬೆಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಮನೆಯ ಭಾಷೆಯಲ್ಲಿ, ಕಡಲಾಚೆಯ ಹಳ್ಳಿಯವರ ಹಳೇ ರಾಗದಲ್ಲಿ, ಇವಳು ಯಾರು ಎಂದು ಕೇಳಿದಳು. ಮೊದಲು ಬಂದು ನೆಲೆಯೂರಿದ ಹೆಂಗಸು ಎಂದರು ಮೇಷ್ಟರು, ಇಂಗ್ಲಿಷಿನಲ್ಲೇ.

"ಉಗುರು ನೋಡು ಇವಳದ್ದು," ಎಂದಳು ಮುದುಕಿ. "ಈ ಕೈಲಿ ಹಾಲು ಕರೆದ್ರೆ ಹಸುವೇ ನಾಚ್ಕೊಂಡು ಓಡಿಹೋಗುತ್ತೆ."

ಅವಳ ನಗುವಿನಲ್ಲಿ ಬೇಸರವಿರಲಿಲ್ಲ, ಕೋಪವೂ ಇರಲಿಲ್ಲ. ತಿರಸ್ಕಾರ ಮಾತ್ರ ಇತ್ತು. ಹಾಗೆ ತಮ್ಮನ್ನು ನೋಡಿ ಯಾರೂ ನಕ್ಕಿರಲಿಲ್ಲವಾದ್ದರಿಂದ ಮೇಷ್ಟರು ಕೋಲು ಹಿಡಿದು ಎದ್ದು ಬಂದರು. ಅಷ್ಟರಲ್ಲಿ ಅವಳು ಮೂಲೆಯ ಮರಿಗೆಯ ಮುಂದೆ ನಿಂತಿದ್ದಳು. ತನಗೆ ಓದು ಬರುವುದಿಲ್ಲ, ಇಲ್ಲೇನು ಬರೆದಿದೆ ಓದು ಎಂದಳು. ಓದಿದರು. ಇನ್ನೊಮ್ಮೆ ಓದು ಎಂದಳು. ಎರಡನೆಯ ಸಲ ಓದುವಾಗ ಅವರ ಕಣ್ಣು ಅವಳ ಶಾಲಿನ ಮೇಲೆ ಬಿತ್ತು. ಹೊರಗೆ ಜೂನ್ ತಿಂಗಳ ಬೆಚ್ಚನೆಯ ಮಳೆ... ಶಾಲಿನ ಮೇಲಿದ್ದದ್ದು ಮಾತ್ರ ಮಳೆಹನಿಯಲ್ಲ, ಹಿಮ. ಪುಡಿಪುಡಿಯಾದ ಬಿಳಿ ಹಿಮ, ಕರಗದೆ ಹಾಗೇ ಕೂತಿತ್ತು.

ಮೇಷ್ಟರು ಹಿಂದಕ್ಕೆ ಸರಿದು ಒರೆಸುವ ಬಟ್ಟೆ ತರುವ ನೆಪದಲ್ಲಿ ಹಿತ್ತಿಲ ಕೋಣೆಗೆ ಹೋದರು. ಬಂದು ನೋಡಿದರೆ ಯಾರೂ ಇಲ್ಲ. ನೆಲದ ಮೇಲೆ ಒಂದು ಹನಿ ನೀರಿಲ್ಲ, ಒಂದು ಚೂರು ಕೆಸರಿಲ್ಲ. ವಯಸ್ಸಾಯಿತು, ತೂಕಡಿಸಿರಬೇಕು ಎಂದುಕೊಂಡರು. ಓದಿದವರಿಗೆ ಅದೊಂದು ಸುಖ, ಏನಾದರೂ ಒಂದು ಅಂದುಕೊಳ್ಳುತ್ತಾರೆ.

ಜುಲೈನಲ್ಲಿ ಪಕ್ಕದ ಪಟ್ಟಣದಿಂದ ಒಂದು ಬಸ್ಸಿನ ತುಂಬ ಮಕ್ಕಳನ್ನು ಕರೆತಂದರು. ಅವತ್ತೂ ಗುರುವಾರ, ಅವತ್ತೂ ಜಡಿಮಳೆ. ಮೇಷ್ಟರು ಕೋಲು ಹಿಡಿದು ಒಂದೊಂದೇ ಚೀಟಿ ಓದುತ್ತ ಬಂದು, ಮೂಲೆಯ ಚೀಟಿಯನ್ನೂ ಓದಿದರು. ಕಲಗಚ್ಚು ಎಂದದ್ದೇ ತಡ, ಹುಡುಗರು ಮೂಗು ಮೇಲೆತ್ತಿ ಹಂದಿಯ ಹಾಗೆ ಗುರುಗುಟ್ಟಿದರು, ಇಡೀ ಕೋಣೆ ನಕ್ಕಿತು. ಮೇಷ್ಟರೂ ನಕ್ಕರು. ನಗುತ್ತ ತಲೆ ಎತ್ತಿದವರು ಮಕ್ಕಳ ಹಿಂದೆ ಆ ಶಾಲು ನೋಡಿದರು. ಅವಳು ಮಕ್ಕಳನ್ನು ನೋಡುತ್ತಿರಲಿಲ್ಲ, ಇವರನ್ನೇ ನೋಡುತ್ತಿದ್ದಳು.

ಬಸ್ಸು ಹೋದ ಮೇಲೆ ಟೆಕ್ಲಾ ನೆಲ ಒರೆಸಲು ಬಂದಳು. ಮರಿಗೆಯ ಮೇಲೆ ಬಿಳಿಯ ಬಟ್ಟೆ ಹೊದಿಸಿತ್ತು. ಬೆಳಿಗ್ಗೆ ಇರಲಿಲ್ಲ. ಬಟ್ಟೆಯ ಕೆಳಗೆ ಏನೋ ಉಬ್ಬಿಕೊಂಡಿತ್ತು, ಒಂದು ಕಡೆ ದುಂಡಗೆ, ಆಮೇಲೆ ಸಣ್ಣಗೆ, ಉದ್ದಕ್ಕೆ... ನಾಲ್ಕು ವರ್ಷದ ಮಗು ಮುಸುಕು ಹಾಕಿ ಮಲಗಿದರೆ ಹೇಗಿರುತ್ತದೆ? ಹಾಗೆ. ಮೇಷ್ಟರು ನಿಂತ ಕಡೆಯೇ ನಿಂತಿದ್ದರು, ಕೋಲು ಕೈಯಿಂದ ಜಾರಿ ಬಿದ್ದಿತ್ತು. ಬಟ್ಟೆ ಎತ್ತಿದವಳು ಟೆಕ್ಲಾಳೇ.

"ಹಿಟ್ಟು," ಎಂದಳು ಅವಳು, ಮೇಜಿನ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡುತ್ತ. "ಹುಳಿ ಬಂದು ಉಬ್ಬಿದ ಗೋಧಿ ಹಿಟ್ಟು. ನನ್ನ ಕಣ್ಣೆದುರಿಗೇ ಇನ್ನೂ ಉಬ್ತಾ ಇತ್ತು. ಹಿಟ್ಟು ಉಬ್ಬಬೇಕಾದ್ರೆ ಬೆಚ್ಚಗಿರಬೇಕೋ ಬೇಡ್ವೋ? ನೀವೇ ಹೇಳಿ, ನಾದೋ ಕೈಗಳು ನಿಮ್ಮವು. ನಾನು ಮುಟ್ಟಿದೆ... ಜನವರಿ ತಿಂಗಳ ಕಬ್ಬಿಣ ಮುಟ್ಟಿದ ಹಾಗಿತ್ತು. ಬೆರಳು ಅಂಟ್ಕೊಂಡ್ಬಿಡ್ತು."

ಆ ಹಿಟ್ಟನ್ನು ಹಿತ್ತಿಲಿಗೆ ಎಸೆದರೆ ಬೀದಿನಾಯಿ ಹತ್ತಿರ ಬಂದು ಮೂಸಿ, ಬಾಲ ಮುದುರಿ ಓಡಿಹೋಯಿತು.

ಆಗಲಾದರೂ ಚೀಟಿ ಹರಿದು ಹಾಕಬಹುದಿತ್ತಲ್ಲ? ಹರಿಯಲಿಲ್ಲ. ಅಂಥವರಿಗೆ ಸುಳ್ಳು ಒಪ್ಪಿಕೊಳ್ಳುವುದಕ್ಕಿಂತ ಸಾಕ್ಷಿ ಸುಡುವುದು ಸುಲಭ. ಮುಂದಿನ ಗುರುವಾರ ಮಳೆಯಲ್ಲೇ ಮರಿಗೆಯನ್ನು ಹಿತ್ತಿಲಿಗೆ ಎಳೆದುಕೊಂಡು ಹೋದರು. ಕಸ ಸುಡುವ ಜಾಗಕ್ಕೆ ತಗಡಿನ ಮಾಡು ಇತ್ತು, ಅದರಡಿ ಮರಿಗೆ ಇಟ್ಟು ಸೀಮೆಎಣ್ಣೆ ಸುರಿದರು. ಬೆಂಕಿಕಡ್ಡಿ ಗೀಚುವ ಹೊತ್ತಿಗೆ, ಸೌದೆ ಸೀಳುವ ಕೊರಡಿನ ಮೇಲೆ ಅವಳು ಕೂತಿದ್ದಳು. ಹಿತ್ತಿಲ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದ ಟೆಕ್ಲಾಳಿಗೆ ಅಂದು ಅವಳು ಕಂಡಳು, ಅವಳ ಮಾತೂ ಕೇಳಿಸಿತು.

"ಸುಡು," ಎಂದಳು ಮುದುಕಿ. "ಸುಡೋದಾದ್ರೆ ಪೂರ್ತಿ ಸುಡು, ಅರ್ಧಂಬರ್ಧ ಮಾಡ್ಬೇಡ."

ಮೇಷ್ಟರ ಕಡ್ಡಿ ಆರಿತು. ಅವಳು ನಿಧಾನವಾಗಿ, ಯಾರದೋ ಹೊಲದ ಸಮಾಚಾರ ಹೇಳುವವಳ ಹಾಗೆ ಹೇಳಿದಳು. ಇಲ್ಲಿಗೆ ಬಂದ ಮೊದಲನೆಯ ಚಳಿಗಾಲ. ಗಂಡ ರೈಲುಹಳಿ ಹಾಕುವ ಕೆಲಸಕ್ಕೆ ಹೋಗಿದ್ದ. ನೆಲ ಅಗೆದು ಮೇಲೆ ಹುಲ್ಲುಹೆಂಟೆ ಹೊದಿಸಿದ ಗುಡಿಸಲು, ಎರಡು ಮಕ್ಕಳು. ದೊಡ್ಡವಳು ಹಾನ್ಯಾ ಡಿಸೆಂಬರಿನಲ್ಲಿ ಜ್ವರ ಬಂದು ಮೂರನೆಯ ದಿನ ಹೋದಳು. ಮಣ್ಣು ಕಲ್ಲಾಗಿತ್ತು, ಕೊಡಲಿ ಹಾಕಿದರೆ ಕೊಡಲಿ ಹಿಂದಕ್ಕೆ ಹಾರುತ್ತಿತ್ತು. ಹೊರಗಿಟ್ಟರೆ ತೋಳಗಳು. ಶವಕ್ಕೆ ಪೆಟ್ಟಿಗೆ ಮಾಡಲು ಹಲಗೆಯಿಲ್ಲ. ಇದ್ದ ಒಂದೇ ಮರಿಗೆಯಲ್ಲಿ ಮಗುವನ್ನು ಮಲಗಿಸಿ, ಬಟ್ಟೆ ಹೊದಿಸಿ, ಹಗ್ಗ ಸುತ್ತಿ ಸೂರಿನ ಮೇಲೆ ಕಟ್ಟಿದಳು. ಡಿಸೆಂಬರಿನಿಂದ ಏಪ್ರಿಲ್ ತನಕ.

"ಚಳಿಗಾಲ ಪೂರ್ತಿ ನನ್ನ ತಲೆ ಮೇಲೇ ಮಲಗಿದ್ಲು. ಗಾಳಿ ಬೀಸಿದ್ರೆ ಮರಿಗೆ ಅಲ್ಲಾಡೋದು. ತೊಟ್ಟಿಲು ತೂಗಿದ ಸದ್ದು... ನಾದೋಕೆ ಪಾತ್ರೆ ಇಲ್ದೆ ಗಂಜಿ ಕುಡ್ಕೊಂಡಿದ್ವಿ. ಮಣ್ಣು ಮೆತ್ತಗಾದ ಮೇಲೆ ನನ್ನ ಅಂಗಿ ಬಟ್ಟೇಲಿ ಸುತ್ತಿ ಹೂತೆ. ಮರಿಗೇನೂ ಹೂಳಬಹುದಿತ್ತು. ಹೂತಿದ್ರೆ ಇನ್ನೊಂದು ಮಗೂಗೆ ರೊಟ್ಟಿ ಎಲ್ಲಿ ನಾದ್ಲಿ? ಬೂದಿ ಹಾಕಿ ತಿಕ್ಕಿದೆ, ಕುದಿಯೋ ನೀರು ಹಾಕಿದೆ, ಒಂಬತ್ತು ಸಲ. ಹಾನ್ಯಾನ ಕೇಳಿಯೇ ಹಿಟ್ಟು ಹಾಕಿದ್ದು. ನಿನ್ನ ಕೇಳ್ಬೇಕಿತ್ತಾ?"

ಮೇಷ್ಟರ ತಾಯಿ ಹಾಸಿಗೆಯಲ್ಲಿ ಹೇಳಿದ್ದು ಇದನ್ನೇ. ಹೆಣ ಮಲಗಿಸಿದ ಮರಿಗೆಯಲ್ಲಿ ನಾದಿದ ರೊಟ್ಟಿ ತಿಂದು ಬೆಳೆದ ವಂಶ ನಮ್ಮದು ಎಂದು ಹತ್ತು ಜನರ ಮುಂದೆ ಹೇಗೆ ಹೇಳುವುದು ಎಂದು ನಾಚಿ, ಅವರು ಹಂದಿಯನ್ನು ತಂದು ಕಟ್ಟಿದ್ದರು.

"ಹಂದಿ ತಿಂತು ಅಂತ ಬರ್ದೆ," ಎಂದಳು ಮುದುಕಿ. "ತಿಂದಿದ್ದು ನಿನ್ನ ತಾಯಿ. ಅವಳು ಹಂದಿ ಆದ್ರೆ, ಓನುಫ್ರಿ... ನೀನು ಏನು?"

ತಾಯಿಯನ್ನು ಬಿಟ್ಟರೆ ಐವತ್ತು ವರ್ಷದಿಂದ ಆ ಹೆಸರಿನಲ್ಲಿ ಅವರನ್ನು ಯಾರೂ ಕರೆದಿರಲಿಲ್ಲ. ಆಗ ತಲೆ ಎತ್ತಿ ಅವಳ ಮುಖವನ್ನು ಸರಿಯಾಗಿ ನೋಡಿದರು. ಅದು ಮೊಕ್ರೀನಾ, ಅವರ ತಾಯಿಯ ತಾಯಿ. ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಸತ್ತು, ಚರ್ಚಿನ ಹಿಂದೆ ಮಣ್ಣಾದವಳು.

ಅವಳು ಅವರನ್ನು ಹೊಡೆಯಲಿಲ್ಲ, ಶಪಿಸಲಿಲ್ಲ. ಹುಳು ಬಿದ್ದ ಹಿಟ್ಟನ್ನು ನೋಡುವ ಹಾಗೆ ಒಮ್ಮೆ ನೋಡಿ, ಸರಿಯಾಗಿ ಬರೆ, ಬರೆದು ಓದು, ಕೇಳುವವರಿದ್ದರೂ ಓದು, ಇಲ್ಲದಿದ್ದರೂ ಓದು ಎಂದಳು. ಕೊರಡಿನ ಮೇಲೆ ಆಮೇಲೆ ಯಾರೂ ಇರಲಿಲ್ಲ. ಮೇಷ್ಟರು ಮರಿಗೆಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಒಳಗೆ ಹೋದರು. ಸೀಮೆಎಣ್ಣೆ ವಾಸನೆ ಹೋಗುವ ತನಕ ತಾವೇ ತಿಕ್ಕಿದರು. ಹೊಸ ಚೀಟಿ ಬರೆದರು, ಎರಡೂ ಭಾಷೆಯಲ್ಲಿ, ನಡೆದದ್ದನ್ನು ನಡೆದ ಹಾಗೆ.

ಅಲ್ಲಿಂದ ಹನ್ನೊಂದು ವರ್ಷ, ಪ್ರತಿ ಗುರುವಾರ ಓದಿದರು. ಇಸ್ತ್ರಿಪೆಟ್ಟಿಗೆ ನೋಡಿ ನಗಲು ಬಂದವರಿಗೆ ಸತ್ತ ಮಗುವಿನ ಮಾತು ಬೇಕೇ? ಬರುವವರು ಕಡಿಮೆಯಾದರು, ಮುದುಕನಿಗೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡಿತು. ಯಾರೂ ಬಾರದ ದಿನ ಖಾಲಿ ಕೋಣೆಗೆ ಓದುತ್ತಿದ್ದರು. ಒಂದೇ ಒಂದು ಸಲ ಸೋಮಾರಿತನ ಮಾಡಿ ಮನೆಯಲ್ಲಿ ಉಳಿದರು. ಮಾರನೆಯ ಬೆಳಿಗ್ಗೆ ಎದ್ದಾಗ ಪಕ್ಕದ ದಿಂಬಿನ ಮೇಲೆ ಹಿಟ್ಟು ಉಬ್ಬುತ್ತಿತ್ತು, ತಣ್ಣಗೆ, ಅವರ ಕೆನ್ನೆಗೆ ತಾಗುವಷ್ಟು ಹತ್ತಿರ. ಇದನ್ನೂ, ಆ ಜೂನ್ ಗುರುವಾರದ್ದನ್ನೂ ಅವರೇ ಟೆಕ್ಲಾಳಿಗೆ ಹೇಳಿದ್ದು.

"ನಿಜ ಓದ್ದ ಅಂತ ನಾನೇನೂ ಮೆಚ್ಚಲಿಲ್ಲ," ಎಂದಳು ಟೆಕ್ಲಾ. "ಹೆದರಿ ಹೇಳಿದ ನಿಜ ಅದು. ಹಾಗೆ ಹೇಳೋಕೆ ಗಿಳಿಗೂ ಬರುತ್ತೆ."

ಕೊನೆಗೆ ಒಂದು ಅಕ್ಟೋಬರ್ ಗುರುವಾರ, ಮಳೆ. ನೆಲ ಒರೆಸಲು ಹೋದ ಟೆಕ್ಲಾಳಿಗೆ ಮೇಷ್ಟರು ಮೂಲೆಯಲ್ಲಿ ಮೊಣಕಾಲೂರಿ, ಮರಿಗೆಯ ಅಂಚಿಗೆ ಹಣೆ ಆನಿಸಿಕೊಂಡು ಕೂತದ್ದು ಕಂಡಿತು. ಉಸಿರಿರಲಿಲ್ಲ. ಡಾಕ್ಟರು ಬಂದು ಹೃದಯ ನಿಂತಿದೆ ಎಂದು ಬರೆದುಕೊಟ್ಟರು. ಎಲ್ಲರಿಗೂ ಕೊನೆಗೆ ನಿಲ್ಲುವುದು ಅದೇ ತಾನೇ? ಮೊಣಕೈಯವರೆಗೆ ಎರಡೂ ತೋಳಿಗೆ ಹಿಟ್ಟು ಮೆತ್ತಿ ಒಣಗಿತ್ತು. ಜೀವಮಾನದಲ್ಲಿ ಒಂದು ಮುಷ್ಟಿ ಹಿಟ್ಟು ನಾದದ ಮನುಷ್ಯ. ಆ ಕಟ್ಟಡದಲ್ಲಿ ಹಿಟ್ಟೂ ಇರಲಿಲ್ಲ, ನೀರಿನ ಕೊಳಾಯಿಯೂ ಇರಲಿಲ್ಲ. ತೋಳು ತೊಳೆದು ಕಳಿಸಿದವಳು ಟೆಕ್ಲಾ.

ಕತೆ ಅಲ್ಲಿಗೆ ನಿಂತಿತು. ಅಡುಗೆಮನೆಯಲ್ಲಿ ಯಾರ ಕೈಯೂ ಆಡುತ್ತಿರಲಿಲ್ಲ. ಲೋರೇನ್ ಮಾತ್ರ ನಗಲು ನೋಡಿದಳು. ಬಾಬಾ ಚೆನ್ನಾಗಿ ಹೆದರಿಸುತ್ತಾಳೆ, ಆದರೆ ಆ ಚೀಟಿ ಈಗ ಇಲ್ಲವಲ್ಲ, ಹೋದ ವಾರವೇ ಸಮಿತಿಯವರು ತೆಗೆದಾಯಿತು, ಮಕ್ಕಳು ಹೆದರುತ್ತಾರೆ, ನೋಡಲು ಬಂದವರಿಗೂ ಮನಸ್ಸು ಕೆಡುತ್ತದೆ ಎಂದಳು. ಹೊಸದನ್ನು ಲೋರೇನಳೇ ಬರೆದು ಅಂಟಿಸಿದ್ದಳು, ಬಣ್ಣದಲ್ಲಿ, ಪಕ್ಕದಲ್ಲೊಂದು ಸಣ್ಣ ಹೂವು: 'ಅಜ್ಜಿಯರು ಅಕ್ಕರೆ ಬೆರೆಸಿ ರೊಟ್ಟಿ ನಾದುತ್ತಿದ್ದ ಮರಿಗೆ.'

"ಗೊತ್ತು," ಎಂದಳು ಟೆಕ್ಲಾ. "ನಿನ್ನೆ ಹೋಗಿದ್ದೆ. ಚೆನ್ನಾಗಿದೆ. ಸಕ್ಕರೆ ಮೇಲೆ ಸಕ್ಕರೆ ಸುರಿದ ಹಾಗಿದೆ. ಒಬ್ಬಳೇ ಇದೀನಿ ಅಂದ್ಕೊಂಡು ಗಟ್ಟಿಯಾಗಿ ಓದ್ದೆ..."

ಅವಳು ಮುಂದಿನ ಬಿಲ್ಲೆಗೆ ಹೂರಣ ಇಟ್ಟು, ಅಂಚು ಒತ್ತಿ, ಪಕ್ಕಕ್ಕಿಟ್ಟಳು.

"ಹಿಂದಿನಿಂದ ಕೇಳಿದ್ಲು, ಇದನ್ನ ಬರ್ದಿದ್ದು ಯಾರು ಅಂತ. ಹೆಸರು ಹೇಳ್ದೆ ಕಣೇ, ಲೋರೇನ್. ಮನೆ ಯಾವುದು ಅಂತಾನೂ ಕೇಳಿದ್ಲು, ಅದನ್ನೂ ಹೇಳ್ದೆ. ಸುಳ್ಳು ಹೇಳೋಕೆ ನಾನೇನು ಮೇಷ್ಟ್ರಾ?"